ಮನೆಯಂಚಿನ ಹಳ್ಳವನ್ನು ಉಳಿಸಿಕೊಳ್ಳುವ ಬಗೆ: ಒಬ್ಬ ಸಣ್ಣ ಕಾಫಿ ಬೆಳೆಗಾರನ ಮಾರ್ಗದರ್ಶಿ

ಮಲೆನಾಡಿನಲ್ಲಿ ಪರಿಸರದ ಮಾತು ತೆಗೆದರೆ ಬೆರಳು ಮೊದಲು ಹೋಗುವುದು ಶನಿವಾರ, ಭಾನುವಾರ ಮುಳ್ಳಯ್ಯನಗಿರಿಗೋ ದೇವರಮನೆಗೋ ಬರುವ ಪ್ರವಾಸಿಗರ ಕಡೆಗೆ. ಅವರು ಎಸೆದು ಹೋದ ಬಾಟಲಿಗಳನ್ನು ನಾನೂ ಆರಿಸಿದ್ದೇನೆ. ಆ ದೂರು ಸುಳ್ಳಲ್ಲ. ಆದರೆ ಮೂಡಿಗೆರೆ ತಾಲ್ಲೂಕಿನ ನಮ್ಮೂರಿನ ಹಳ್ಳವು ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕಪ್ಪಗಾಗಿ ಹುಳಿ ವಾಸನೆ ಬೀರುವುದಕ್ಕೆ ಯಾವ ಪ್ರವಾಸಿಯೂ ಕಾರಣನಲ್ಲ. ಅದು ನಾವು ಕಾಫಿ ಹಣ್ಣನ್ನು ಪಲ್ಪ್ ಮಾಡಿ, ಅಂದರೆ ಯಂತ್ರದಲ್ಲಿ ನೀರು ಹಾಯಿಸಿ ಸಿಪ್ಪೆ ಬಿಡಿಸಿ, ಬಿಟ್ಟ ನೀರು. ಹೇಮಾವತಿ ಹುಟ್ಟುವುದು ಇದೇ ತಾಲ್ಲೂಕಿನ ಜಾವಳಿಯಲ್ಲಿ. ನಮ್ಮ ಹಳ್ಳ ಸೇರುವುದೂ ಅದನ್ನೇ. ಆ ನೀರು ಸಕಲೇಶಪುರವನ್ನು ದಾಟಿ ಗೊರೂರಿನ ಜಲಾಶಯದಲ್ಲಿ ನಿಂತು, ಅಲ್ಲಿಂದ ನಾಲೆ ಹಿಡಿದು ತುಮಕೂರಿನವರೆಗೆ ಹೋಗುತ್ತದೆ. ಮೇಲಿನ ಊರಿನಲ್ಲಿ ಹುಟ್ಟಿದವರ ಹೊಣೆ ಕೆಳಗಿನ ಊರಿನವರ ಹೊಣೆಗಿಂತ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ನೀರು ಹಿಂದಕ್ಕೆ ಹರಿಯುವುದಿಲ್ಲ.

ಒಂದು ಹಳ್ಳದ ಮಟ್ಟಿಗೆ ಏನು ಮಾಡಬಹುದು, ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಕೊನೆಗೆ ಇಟ್ಟುಕೊಳ್ಳಬೇಕು ಎಂಬುದನ್ನು ನಾಲ್ಕೈದು ವರ್ಷಗಳಲ್ಲಿ ಎಡವುತ್ತ ಕಲಿತಿದ್ದೇನೆ. ಅದನ್ನೇ ಕ್ರಮವಾಗಿ ಇಲ್ಲಿ ಬರೆದಿದ್ದೇನೆ. ಕಾಫಿ ಬೆಳೆಯದ ಊರಿನವರು ಪಲ್ಪಿಂಗ್ ನೀರಿನ ಜಾಗದಲ್ಲಿ ತಮ್ಮೂರಿನ ಚರಂಡಿಯನ್ನೋ ಕೋಳಿ ಫಾರಂ ಅನ್ನೋ ಇಟ್ಟುಕೊಂಡು ಓದಬಹುದು.

ಮೊದಲ ಹೆಜ್ಜೆ: ಹಳ್ಳದ ಉದ್ದಕ್ಕೂ ನಡೆಯುವುದು

ನವೆಂಬರ್ ಮೊದಲ ವಾರ, ಅಂದರೆ ಮಳೆ ನಿಂತು ಅರೇಬಿಕಾ ತಳಿಯ ಕಾಫಿ ಹಣ್ಣಾಗುವ ಮುಂಚೆ, ಹಳ್ಳದ ಮೇಲ್ತುದಿಯಿಂದ ಅದು ಹೊಳೆ ಸೇರುವ ಜಾಗದವರೆಗೆ ಒಮ್ಮೆ ನಡೆಯಿರಿ. ಒಬ್ಬರೇ ಹೋಗಬೇಡಿ. ಏಡಿ ಹಿಡಿಯುವುದರಲ್ಲಿ ಪಳಗಿದ ಒಬ್ಬರು ಜೊತೆಗಿದ್ದರೆ ನಾಲ್ಕು ಪ್ರಯೋಗಾಲಯಗಳು ಜೊತೆಗಿದ್ದಂತೆ. ಯಾವ ಕಲ್ಲಿನ ಅಡಿಯಲ್ಲಿ ಏಡಿ ಇರಬೇಕಿತ್ತು, ಯಾವ ಮಡುವಿನಲ್ಲಿ ಮೊದಲು ಮೀನು ಸಿಗುತ್ತಿತ್ತು ಎಂಬುದೆಲ್ಲ ಅವರಿಗೆ ಬಾಯಿಪಾಠ.

ನಡೆಯುವಾಗ ಮೂರು ಜಾಗಗಳನ್ನು ಗುರುತು ಮಾಡಿಕೊಳ್ಳಿ: ಎಲ್ಲ ತೋಟಗಳಿಗಿಂತ ಮೇಲೆ ಒಂದು, ಊರಿನ ನಡುವೆ ಒಂದು, ಹೊಳೆ ಸೇರುವ ಮೊದಲು ಒಂದು. ಪ್ರತಿ ಜಾಗದಲ್ಲೂ ಬಿಳಿ ಗಾಜಿನ ಬಾಟಲಿಯಲ್ಲಿ ನೀರು ಹಿಡಿದು ಬಣ್ಣ ನೋಡಿ, ಮೂಸಿ ನೋಡಿ, ಆಮ್ಲ-ಕ್ಷಾರ ತಿಳಿಸುವ ಪಿಎಚ್ ಕಾಗದವನ್ನು ಅದ್ದಿ ನೋಡಿ. ಕಾಲೇಜುಗಳಿಗೆ ಪ್ರಯೋಗಾಲಯದ ಸಾಮಾನು ಒದಗಿಸುವ ಅಂಗಡಿಗಳಲ್ಲಿ ಈ ಕಾಗದ ಸಿಗುತ್ತದೆ. ಸ್ವಚ್ಛ ನೀರಿನಲ್ಲಿ ಅದು 7ರ ಆಸುಪಾಸು ತೋರಿಸುತ್ತದೆ. ಹುಳಿತ ಪಲ್ಪಿಂಗ್ ನೀರಿನಲ್ಲಿ 4ರ ಹತ್ತಿರಕ್ಕೆ ಇಳಿಯುತ್ತದೆ. ಆಮೇಲೆ ಅಂಗೈ ಅಗಲದ ಹತ್ತು ಕಲ್ಲುಗಳನ್ನು ಮಗುಚಿ ನೋಡಿ. ಏಡಿ, ಸಣ್ಣ ಮೀನು, ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಕೀಟದ ಮರಿ ಕಂಡರೆ ನೀರಿನಲ್ಲಿ ಉಸಿರಿದೆ ಎಂದು ಅರ್ಥ. ಕೆಸರಿನಲ್ಲಿ ದಾರದಂಥ ಕೆಂಪು ಹುಳುಗಳಷ್ಟೇ ಉಳಿದಿದ್ದರೆ ಆ ಜಾಗದ ಸ್ಥಿತಿ ಕೆಟ್ಟಿದೆ. ಮಗುಚಿದ ಕಲ್ಲನ್ನು ಮತ್ತೆ ಅದೇ ಮಗ್ಗುಲಿಗೆ ಇಡುವುದನ್ನು ಮರೆಯಬೇಡಿ.

ಕಂಡದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಸಹಿತ ಬರೆಯಿರಿ. ಇದೇ ನಡಿಗೆಯನ್ನು ಜನವರಿಯ ನಡುವಿನಲ್ಲಿ, ಮತ್ತೊಮ್ಮೆ ಮಾರ್ಚ್‌ನಲ್ಲಿ ಮಾಡಬೇಕು. ಮೂರು ನಡಿಗೆಗಳ ಪುಟಗಳನ್ನು ಅಕ್ಕಪಕ್ಕದಲ್ಲಿ ಇಟ್ಟರೆ, ಹಳ್ಳ ಕೆಡುವುದು ಯಾವ ತಿಂಗಳಲ್ಲಿ, ಯಾವ ತಿರುವಿನಿಂದ ಕೆಳಗೆ ಎಂಬುದು ತಾನಾಗಿ ಕಾಣುತ್ತದೆ. ನಮ್ಮ ಪುಸ್ತಕದಲ್ಲಿ ಆ ತಿರುವು ಇದ್ದದ್ದು ನನ್ನದೇ ಕಣದ ಹಿಂದೆ.

ಎರಡನೆಯ ಹೆಜ್ಜೆ: ಸ್ವಂತ ತೊಟ್ಟಿಯನ್ನು ಅಳೆಯುವುದು

ಇಡೀ ಕೆಲಸದ ತಿರುಳು ಇಲ್ಲಿದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹಣ್ಣನ್ನು ಪಲ್ಪರ್‌ಗೆ ಹಾಕಿದಾಗ ತೂಕದಲ್ಲಿ ಸುಮಾರು ಶೇ. 40ರಷ್ಟು ಸಿಪ್ಪೆಯಾಗಿಯೇ ಹೊರಬರುತ್ತದೆ. ಸಿಪ್ಪೆಯಲ್ಲಿ ಸಕ್ಕರೆ ಇದೆ, ಬೀಜದ ಮೇಲಿನ ಲೋಳೆಯಲ್ಲಿ ಪೆಕ್ಟಿನ್ ಇದೆ. ಎರಡೂ ವಿಷವಲ್ಲ, ಅದಕ್ಕೇ ನಮ್ಮ ಹಿರಿಯರಿಗೂ ನಮಗೂ ಇದರಲ್ಲಿ ತಪ್ಪು ಕಾಣಲಿಲ್ಲ. ಆದರೆ ಈ ಸಕ್ಕರೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ. ಮೀನು, ಏಡಿಗಳು ಉಸಿರುಗಟ್ಟಿ ಸಾಯುತ್ತವೆ. ಹೀಗೆ ಖರ್ಚಾಗುವ ಆಮ್ಲಜನಕದ ಲೆಕ್ಕವೇ ಬಿಒಡಿ. ಹೊಳೆ ಹಳ್ಳಗಳಿಗೆ ಬಿಡುವ ನೀರಿನಲ್ಲಿ ಅದು ಲೀಟರಿಗೆ 30 ಮಿಲಿಗ್ರಾಂ ದಾಟಬಾರದು ಎಂಬುದು ಸಾಮಾನ್ಯ ಮಾನದಂಡ. ಪಲ್ಪಿಂಗ್ ನೀರಿನಲ್ಲಿ ಅದು ಸಾವಿರಗಳಲ್ಲಿ ಇರುತ್ತದೆ. ಇನ್ನೊಂದು ಸಂಗತಿಯೆಂದರೆ ನಮ್ಮ ಕುಯ್ಲು ಬೀಳುವುದೇ ಹಳ್ಳ ಬಡಕಲಾಗುವ ಕಾಲಕ್ಕೆ. ಜುಲೈ ತಿಂಗಳಲ್ಲಾಗಿದ್ದರೆ ಕೊಚ್ಚಿಹೋಗುತ್ತಿದ್ದ ಕೊಳೆ ಜನವರಿಯಲ್ಲಿ ಮಡುವಿನಲ್ಲಿ ನಿಂತು ಹುಳಿಯುತ್ತದೆ.

ಈಗ ಅಳತೆ. ಪಲ್ಪರ್‌ಗೆ ನೀರು ಕೊಡುವ ತೊಟ್ಟಿಯ ಉದ್ದ, ಅಗಲ, ಆಳವನ್ನು ಅಡಿಗಳಲ್ಲಿ ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ನನ್ನ ತೊಟ್ಟಿ 10 ಅಡಿ ಉದ್ದ, 8 ಅಡಿ ಅಗಲ, 4 ಅಡಿ ಆಳ. ಅಂದರೆ ಸುಮಾರು 9,000 ಲೀಟರ್. 800 ಕೆಜಿ ಹಣ್ಣು ಬಂದ ದಿನ ಆ ತೊಟ್ಟಿ ಪೂರ್ತಿ ಖಾಲಿಯಾಗುತ್ತಿತ್ತು. ಒಂದು ಕೆಜಿ ಹಣ್ಣಿಗೆ ಹನ್ನೊಂದು ಲೀಟರಿಗೂ ಹೆಚ್ಚು ನೀರು! ಅಲ್ಲಿಯವರೆಗೆ ಯಾರಾದರೂ ಕೇಳಿದ್ದರೆ, ನಮ್ಮದು ಸಣ್ಣ ತೋಟ, ಎಷ್ಟು ಮಹಾ ನೀರು ಎಂದು ಹೇಳುತ್ತಿದ್ದವನು ನಾನೇ.

ಕಡಿಮೆ ಮಾಡುವುದಕ್ಕೆ ಮೂರು ದಾರಿಗಳಿವೆ. ಮೊದಲನೆಯದು, ಸಿಪ್ಪೆಯನ್ನು ನೀರಿನಿಂದ ಕೂಡಲೇ ಬೇರ್ಪಡಿಸುವುದು. ಪಲ್ಪರ್‌ನ ಬಾಯಿಗೆ ಇಳಿಜಾರಾಗಿ ಕಬ್ಬಿಣದ ಜಾಲರಿ ಕೂರಿಸಿದರೆ ಸಿಪ್ಪೆ ಮೇಲೆ ಉಳಿದು ನೀರಷ್ಟೇ ಕೆಳಕ್ಕೆ ಇಳಿಯುತ್ತದೆ. ಸಿಪ್ಪೆ ನೀರಿನಲ್ಲಿ ನೆನೆದಷ್ಟೂ ಸಕ್ಕರೆ ಬಿಟ್ಟುಕೊಳ್ಳುವುದರಿಂದ ಇಲ್ಲಿ ನಿಮಿಷಗಳಿಗೂ ಬೆಲೆಯಿದೆ. ಎರಡನೆಯದು, ಹಾಗೆ ಸೋಸಿದ ನೀರನ್ನು ಅದೇ ದಿನದ ಮಟ್ಟಿಗೆ ಮತ್ತೆ ಪಲ್ಪರ್‌ಗೆ ಹಾಯಿಸಿ, ಕೊನೆಯ ತೊಳೆತಕ್ಕೆ ಮಾತ್ರ ಹೊಸ ನೀರು ಬಳಸುವುದು. ಅರ್ಧ ಎಚ್‌ಪಿಯ ಒಂದು ಹಳೇ ಪಂಪಿನಿಂದ ಇದಾಯಿತು. ನನ್ನ ಖರ್ಚು ಕೆಜಿಗೆ ಐದು ಲೀಟರಿಗೆ ಇಳಿಯಿತು. ಕಡಿಮೆ ನೀರಿನ ಹೊಸ ಯಂತ್ರಗಳು ಇದಕ್ಕಿಂತಲೂ ಉಳಿಸುತ್ತವೆ, ಆದರೆ ಐದಾರು ಎಕರೆಯವನ ಕೈಗೆ ಒಬ್ಬನೇ ಆಗಿ ಅವು ಎಟುಕುವುದಿಲ್ಲ. ಮೂರು ನಾಲ್ಕು ಮನೆಯವರು ಸೇರಿ ಕೊಂಡರೆ ಆಗುತ್ತದೆ, ಅದಕ್ಕೆ ಮುಂಚೆ ಅವರು ಪರಸ್ಪರ ಮಾತನಾಡುವಂತಿರಬೇಕು. ಮೂರನೆಯದು, ಪಲ್ಪ್ ಮಾಡದೆ ಹಣ್ಣನ್ನೇ ಒಣಗಿಸಿ ಚೆರ್ರಿಯಾಗಿ ಮಾರುವುದು. ಹಳ್ಳದ ದೃಷ್ಟಿಯಿಂದ ಇದಕ್ಕಿಂತ ಉತ್ತಮವಾದದ್ದಿಲ್ಲ. ಆದರೆ ಅರೇಬಿಕಾ ಪಾರ್ಚ್‌ಮೆಂಟ್‌ಗೆ, ಅಂದರೆ ಪಲ್ಪ್ ಮಾಡಿ ತೊಳೆದು ಒಣಗಿಸಿದ ಬೀಜಕ್ಕೆ, ಸಿಗುವ ಬೆಲೆಯನ್ನು ಬಿಡಿ ಎಂದು ಸಾಲ ತಲೆಯ ಮೇಲಿರುವವನಿಗೆ ಉಪದೇಶ ಮಾಡಲು ನನಗೆ ನಾಲಗೆ ಏಳುವುದಿಲ್ಲ. ಮೇಲಾಗಿ, ಕಣದ ತುಂಬ ಹಣ್ಣು ಹರಡಿರುವಾಗಲೇ ಅಕಾಲಿಕ ಮಳೆ ಸುರಿಯುವುದನ್ನು ನಾವೆಲ್ಲ ಕಂಡಿದ್ದೇವೆ.

ಉಳಿದ ನೀರಿಗೆ ಹಳ್ಳದಿಂದಲೂ ಕುಡಿಯುವ ಬಾವಿಯಿಂದಲೂ ದೂರವಿರುವ ಜಾಗದಲ್ಲಿ ಹೊಂಡ ತೆಗೆದು, ಕೃಷಿ ಹೊಂಡಕ್ಕೆ ಹಾಸುವ ದಪ್ಪ ಹಾಳೆಯನ್ನು ಹಾಸಿ. ಹಾಳೆ ಇಲ್ಲದ ಇಂಗುಗುಂಡಿ ಮಾಡಿದರೆ ಕೊಳೆ ಹಳ್ಳವನ್ನು ಬಿಟ್ಟು ಬಾವಿಯನ್ನು ಸೇರುತ್ತದೆ, ಅಷ್ಟೇ. ಹೊಂಡದ ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಕದಡಿ, ಕಾಗದ 6 ದಾಟುವವರೆಗೆ ಹಾಕಬೇಕು. ಹುಳಿ ಮುರಿದ ಮಾತ್ರಕ್ಕೆ ಕೊಳೆ ಹೋಗುವುದಿಲ್ಲ. ನೀರು ಹೊಂಡದಲ್ಲಿ ನಿಂತು ಕೊಳೆತು ತಿಳಿಯಾಗಬೇಕು, ಆಮೇಲೂ ಅದನ್ನು ಹಳ್ಳಕ್ಕೆ ತಿರುಗಿಸದೆ ಹುಲ್ಲುಗಾವಲಿಗೆ ತೆಳುವಾಗಿ ಹಾಯಿಸಬೇಕು. ಸಿಪ್ಪೆಯನ್ನು ಸಗಣಿ, ತರಗೆಲೆಗಳ ಜೊತೆ ಪದರ ಪದರವಾಗಿ ಹಾಕಿ, ತಿಂಗಳಿಗೊಮ್ಮೆ ಮಗುಚಿದರೆ ಮುಂಗಾರಿನ ಹೊತ್ತಿಗೆ ಗೊಬ್ಬರ ಸಿದ್ಧ. ಹೊಂಡದ ಅಳತೆಯ ಬಗ್ಗೆ ಅನುಮಾನವಿದ್ದರೆ ಕಾಫಿ ಮಂಡಳಿಯ ಸಂಪರ್ಕಾಧಿಕಾರಿಗಳನ್ನೋ, 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯವರನ್ನೋ ಕೇಳಬಹುದು.

ಸಿಂಪಡಣೆಯ ಡ್ರಮ್ಮು

ಅಡಿಕೆಯ ಕೊಳೆರೋಗಕ್ಕೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣದ ಬೋರ್ಡೋ ದ್ರಾವಣ, ಕಾಫಿಯ ಎಲೆ ತುಕ್ಕಿಗೆ ಅದರ ಅರ್ಧ ಪ್ರಮಾಣ. ಇದು ನಮಗೆಲ್ಲ ಗೊತ್ತು. ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ವಿಷ ಎಂಬುದು ಅಷ್ಟಾಗಿ ಗೊತ್ತಿಲ್ಲ. ಕೆಲಸ ಮುಗಿದ ಮೇಲೆ ಡ್ರಮ್ಮನ್ನೂ ಪಂಪನ್ನೂ ಹಳ್ಳದಲ್ಲಿ ಅದ್ದಿ ತೊಳೆಯುವ ಅಭ್ಯಾಸವನ್ನು ಇವತ್ತೇ ನಿಲ್ಲಿಸಬಹುದು, ಒಂದು ಕಾಸಿನ ಖರ್ಚೂ ಇಲ್ಲ. ಕಳೆನಾಶಕದ ಬಾಟಲಿಯನ್ನು ಮೂರು ಸಲ ಕಲಕಿ, ಆ ನೀರನ್ನು ಸಿಂಪಡಣೆಯ ಡ್ರಮ್ಮಿಗೇ ಸುರಿದು, ಬಾಟಲಿಗೆ ತೂತು ಮಾಡಿ ಬೇರೆಯಾಗಿ ಎತ್ತಿಡಿ. ತೂತು ಯಾಕೆಂದರೆ, ಅದೇ ಬಾಟಲಿಯಲ್ಲಿ ಸೀಮೆಎಣ್ಣೆಯನ್ನೋ ಕುಡಿಯುವ ನೀರನ್ನೋ ತುಂಬಿಡುವ ಮನೆಗಳನ್ನು ನಾನು ನೋಡಿದ್ದೇನೆ.

ಮೂರನೆಯ ಹೆಜ್ಜೆ: ಜಗಲಿಯ ಮೇಲೆ ಕೂತು ಮಾತನಾಡುವುದು

ಇಲ್ಲಿ ನಾನು ಮಾಡಿದ ಒಂದು ಎಡವಟ್ಟನ್ನು ಹೇಳಲೇಬೇಕು. ನನ್ನ ತೊಟ್ಟಿ ಸರಿಯಾದ ಮೊದಲ ವರ್ಷದ ಹುರುಪಿನಲ್ಲಿ, ಮೇಲಿನ ತೋಟದವರೊಬ್ಬರ ಕೊಳವೆಯಿಂದ ಕಂದು ನೀರು ಹಳ್ಳಕ್ಕೆ ಬೀಳುತ್ತಿರುವ ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಅವರು ಹೆಸರಿನಲ್ಲಿ ಅಲ್ಲದಿದ್ದರೂ ವರಸೆಯಲ್ಲಿ ನನಗೆ ದೊಡ್ಡಪ್ಪ. ಆಮೇಲೆ ಎರಡು ವರ್ಷ ಅವರು ನಮ್ಮ ಮನೆಯ ಹಬ್ಬಕ್ಕೆ ಬರಲಿಲ್ಲ. ಕೊಳವೆ ಇದ್ದಲ್ಲೇ ಇತ್ತು. ನಾಲ್ಕು ಜನರ ಮುಂದೆ ಮುಖಭಂಗವಾದವನು ತಪ್ಪನ್ನು ತಿದ್ದಿಕೊಳ್ಳುವುದಕ್ಕಿಂತ ಸಮರ್ಥಿಸಿಕೊಳ್ಳುವುದರಲ್ಲಿ ತೊಡಗುತ್ತಾನೆ. ಆ ಜಾಗದಲ್ಲಿ ನಾನಿದ್ದರೂ ಅಷ್ಟೇ ಮಾಡುತ್ತಿದ್ದೆ.

ಮಾತಿಗೆ ಸರಿಯಾದ ಕಾಲ ಸೆಪ್ಟೆಂಬರ್, ಅಕ್ಟೋಬರ್. ಮಳೆಯ ಕೆಲಸ ಹಗುರಾಗಿರುತ್ತದೆ, ಕುಯ್ಲಿನ ಆಳುಗಳ ತಲೆನೋವು ಇನ್ನೂ ಶುರುವಾಗಿರುವುದಿಲ್ಲ. ಜನವರಿಯಲ್ಲಿ ಹೋಗಿ ಕೇಳಿದರೆ ಯಾರಿಗೂ ಕಿವಿ ಇರುವುದಿಲ್ಲ. ಮನೆಗೇ ಹೋಗಿ, ಜಗಲಿಯ ಮೇಲೆ ಕೂತು, ಮೊದಲು ನಿಮ್ಮ ಪುಸ್ತಕದಲ್ಲಿ ನಿಮ್ಮದೇ ಕಣದ ಹಿಂದಿನ ಪುಟವನ್ನು ತೆಗೆದು ತೋರಿಸಿ. ಕೆಜಿಗೆ ಹನ್ನೊಂದು ಲೀಟರ್ ಇದ್ದದ್ದು ಐದಾದ ಲೆಕ್ಕ ಹೇಳಿ. ಜಾಲರಿಗೆ ಎಷ್ಟು ಖರ್ಚಾಯಿತು, ಯಾವ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು, ಮೊದಲ ಸಲ ಮಾಡಿದ್ದು ಯಾಕೆ ಕಿತ್ತುಹೋಯಿತು ಎಂಬುದನ್ನೆಲ್ಲ ಹೇಳಿ. ನಂತರ ಬಾಯಿ ಮುಚ್ಚಿಕೊಂಡು ಕಾಫಿ ಕುಡಿಯಿರಿ. ಎರಡು ವರ್ಷದ ಮೌನದ ಬಳಿಕ ನಾನು ಹೀಗೆ ಹೋಗಿ ಕೂತಾಗ ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಆ ಪಂಪು ಎಷ್ಟು ಎಚ್‌ಪಿದು ಮಾರಾಯ?”

ಮಾತನಾಡಬೇಕಾದದ್ದು ತೋಟದ ಮಾಲೀಕರ ಜೊತೆ ಮಾತ್ರವೂ ಅಲ್ಲ. ಹಳ್ಳದ ನೀರಿನಲ್ಲಿ ಬಟ್ಟೆ ಒಗೆಯುವವರು, ಅದರಲ್ಲಿ ಮಕ್ಕಳನ್ನು ಆಡಲು ಬಿಡುವವರು, ತುರಿಕೆ ಕಜ್ಜಿಗೆ ಮುಲಾಮು ಹುಡುಕುವವರು ಕೆಳಗಿನ ಲೈನ್ ಮನೆಗಳವರು, ಅಂದರೆ ತೋಟದ ಕೂಲಿಕಾರರ ಸಾಲುಮನೆಗಳವರು. ಯಾವ ದಿನ ಯಾರ ಮನೆಯಲ್ಲಿ ಪಲ್ಪ್ ಹಾಕಿದರು ಎಂಬುದು ಅವರಿಗೆ ವಾಸನೆಯಲ್ಲೇ ಗೊತ್ತಾಗುತ್ತದೆ. ಆದರೂ ಊರಿನ ಸಭೆಗಳಲ್ಲಿ ಅವರು ಹಿಂದಿನ ಗೋಡೆಗೆ ಒರಗಿ ನಿಂತಿರುತ್ತಾರೆ, ಅಥವಾ ಬಂದೇ ಇರುವುದಿಲ್ಲ, ಏಕೆಂದರೆ ಸಭೆಗೆ ಬಂದರೆ ಆ ದಿನದ ಕೂಲಿ ಹೋಗುತ್ತದೆ. ತೋಟಕ್ಕೆ ರಜೆ ಇರುವ ಸಂತೆಯ ದಿನ ನೋಡಿಕೊಂಡು ಮಾತುಕತೆ ಇಟ್ಟುಕೊಳ್ಳಿ, ಅವರ ಕಟ್ಟೆಯಲ್ಲೇ ಇಟ್ಟುಕೊಳ್ಳಿ. ಇಂಥ ಕೆಲಸದಲ್ಲಿ ಮಾಲೀಕರಾದ ನಾವು ನಾವೇ ಮಾತಾಡಿಕೊಂಡು ಎದ್ದು ಬಂದರೆ ಹಳ್ಳದ ಬಣ್ಣ ಬದಲಾಗಬಹುದೇ ಹೊರತು ಊರು ಬದಲಾಗುವುದಿಲ್ಲ ಎಂದು ನನ್ನ ಅನಿಸಿಕೆ.

ಮದುವೆ ಮನೆಯ ಲೋಟ

ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧಿಸಿತು. 2022ರ ಜುಲೈ 1ರಿಂದ ಅದು ದೇಶಕ್ಕೆಲ್ಲ ಅನ್ವಯವಾಯಿತು. ಎರಡು ಸಲ ನಿಷೇಧವಾದ ಲೋಟ ನಮ್ಮ ಹಳ್ಳದಂಚಿನಲ್ಲಿ ಇನ್ನೂ ಸಿಗುತ್ತದೆ. ಇದಕ್ಕೆ ನಮ್ಮಲ್ಲಿ ಕೆಲಸ ಮಾಡಿದ ಉಪಾಯ ಒಂದೇ: ಸ್ತ್ರೀಶಕ್ತಿ ಸಂಘದವರು ಸ್ಟೀಲಿನ ಮುನ್ನೂರು ಲೋಟ, ಮುನ್ನೂರು ತಟ್ಟೆ ಕೊಂಡು ಬಾಡಿಗೆಗೆ ಕೊಡತೊಡಗಿದರು, ತೊಳೆಯುವ ಕೂಲಿ ಸೇರಿಸಿ. ಊಟಕ್ಕೆ ಬಾಳೆಲೆಯೋ ಅಡಿಕೆ ಹಾಳೆಯ ತಟ್ಟೆಯೋ ಹೇಗೂ ಇದೆ. ಮನೆಯ ಒಣ ಕಸವನ್ನು ಬೇರೆ ಮಾಡಿ ಪಂಚಾಯಿತಿಯ ಸ್ವಚ್ಛವಾಹಿನಿಗೆ ಕೊಡಿ. ಗಾಡಿ ಬಾರದ ಊರಾದರೆ, ಗಾಡಿ ಬರುವಂತೆ ಕೇಳುವುದೇ ಮುಂದಿನ ಹೆಜ್ಜೆಯ ಮೊದಲ ಅರ್ಜಿ.

ನಾಲ್ಕನೆಯ ಹೆಜ್ಜೆ: ಬರವಣಿಗೆಯಲ್ಲಿ ಕೇಳುವುದು

ಎಷ್ಟು ಜಗಲಿ ಹತ್ತಿದರೂ ಒಬ್ಬಿಬ್ಬರು ಜಗ್ಗುವುದಿಲ್ಲ. ಆಗ ಕಾನೂನಿನ ಕಡೆ ತಿರುಗಬೇಕು, ಅದಕ್ಕೂ ಒಂದು ಕ್ರಮವಿದೆ.

ವಾರ್ಡ್ ಸಭೆ ಮತ್ತು ಗ್ರಾಮಸಭೆಗಳು ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ಸಭೆಯ ದಿನಕ್ಕೆ ಮುಂಚೆಯೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಅರ್ಜಿಯಲ್ಲಿ ಯಾರ ಹೆಸರನ್ನೂ ಎತ್ತಬೇಡಿ. “ಹಳ್ಳಕ್ಕೆ ಪಲ್ಪಿಂಗ್ ನೀರು, ಶೌಚದ ನೀರು ಮತ್ತು ಕಸ ಬಿಡದಂತೆ ಗ್ರಾಮಸಭೆ ನಿರ್ಣಯ ಮಾಡಬೇಕು, ಸಾಮೂಹಿಕ ಹೊಂಡಕ್ಕೆ ಜಾಗ ಗುರುತಿಸಬೇಕು” ಎಂಬಷ್ಟು ಸಾಕು. ಮೂರು ನಡಿಗೆಗಳ ಪುಟಗಳ ನಕಲನ್ನು ಜೊತೆಗಿಡಿ. ಸಭೆಯಲ್ಲಿ ಮಾತನಾಡುವವರು ನೀವೇ ಆಗಬೇಕೆಂದಿಲ್ಲ. ನಮ್ಮಲ್ಲಿ ಲೈನ್ ಮನೆಯ ಒಬ್ಬ ಅಜ್ಜಿ ಎದ್ದು ಹಳ್ಳದ ನೀರು ತುಂಬಿದ ಬಾಟಲಿಯ ಮುಚ್ಚಳ ತೆಗೆದು ಅಧ್ಯಕ್ಷರ ಮೇಜಿನ ಮೇಲಿಟ್ಟಿದ್ದೇ ಸಾಕಾಯಿತು. ಎರಡೇ ನಿಮಿಷದಲ್ಲಿ ಮುಂದಿನ ಸಾಲಿನವರೆಲ್ಲ ಕರವಸ್ತ್ರ ಹುಡುಕತೊಡಗಿದರು. ನಿರ್ಣಯವನ್ನು ನಡವಳಿ ಪುಸ್ತಕದಲ್ಲಿ ಬರೆಯುವವರೆಗೆ ಕುರ್ಚಿ ಬಿಟ್ಟು ಏಳಬೇಡಿ, ನಿರ್ಣಯದ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಿ. ಚಪ್ಪಾಳೆಯಲ್ಲಿ ಮುಗಿದ ಒಪ್ಪಿಗೆ ಮುಂದಿನ ಸಭೆಯ ಹೊತ್ತಿಗೆ ಯಾರ ನೆನಪಿನಲ್ಲೂ ಇರುವುದಿಲ್ಲ.

ನಿರ್ಣಯವಾಗಿಯೂ ಏನೂ ನಡೆಯದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. “ಯಾಕೆ ಮಾಡಲಿಲ್ಲ” ಎಂದು ಕೇಳಿದರೆ ಉತ್ತರ ಬರುವುದಿಲ್ಲ. “ಇಂಥ ಸಂಖ್ಯೆಯ ನಿರ್ಣಯದ ಮೇಲೆ ಕೈಗೊಂಡ ಕ್ರಮದ ಕಡತದ ನಕಲು ಕೊಡಿ” ಎಂದು ಕೇಳಬೇಕು. 1974ರ ಜಲ ಮಾಲಿನ್ಯ ತಡೆ ಕಾಯ್ದೆಯಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡುವುದು ಕಡೆಯ ಅಸ್ತ್ರ. ಮಂಡಳಿಯ ಪ್ರಾದೇಶಿಕ ಕಚೇರಿಗಳು ಚಿಕ್ಕಮಗಳೂರಿನಲ್ಲೂ ಹಾಸನದಲ್ಲೂ ಇವೆ. ದೂರು ಕೊಡುವ ಮುನ್ನ ನಿಮ್ಮ ಸ್ವಂತ ಕೊಳವೆಯನ್ನು ಇನ್ನೊಮ್ಮೆ ನೋಡಿಕೊಂಡು ಬನ್ನಿ, ತಪಾಸಣೆಗೆ ಬಂದವರು ಅಲ್ಲಿಂದಲೇ ಶುರು ಮಾಡುತ್ತಾರೆ.

ಕೋರ್ಟಿಗೆ ಹೋದರೆ ಎಲ್ಲ ಸರಿಯಾಗುತ್ತದೆ ಎನ್ನುವ ಗೆಳೆಯರು ಕುದುರೆಮುಖದ ಉದಾಹರಣೆ ಕೊಡುತ್ತಾರೆ. ಸುಪ್ರೀಂ ಕೋರ್ಟಿನ 2002ರ ಆದೇಶದ ಫಲವಾಗಿ ಅಲ್ಲಿನ ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ನಿಂತಿತು. ಆಗಲೇಬೇಕಿದ್ದ ಕೆಲಸ ಅದು. ಆದರೆ ಅಲ್ಲಿ ಎದುರಿಗಿದ್ದದ್ದು ಒಂದು ಕಂಪನಿ, ಒಂದು ಗುಡ್ಡ. ಇಲ್ಲಿ ನೂರಾರು ಹಳ್ಳಗಳಿವೆ, ಪ್ರತಿ ಹಳ್ಳಕ್ಕೂ ಹತ್ತಾರು ಕೊಳವೆಗಳಿವೆ, ಕೊಳವೆಗಳ ಮಾಲೀಕರೆಲ್ಲ ನಮ್ಮ ನೆಂಟರು. ಗಣಿಯನ್ನೇ ನೆಚ್ಚಿಕೊಂಡಿದ್ದ ಪಟ್ಟಣ ಬಿಕೋ ಎಂದದ್ದನ್ನೂ ಮರೆಯುವಂತಿಲ್ಲ. ಯಾವ ಬದಲಾವಣೆಗೂ ಯಾರೋ ಬೆಲೆ ತೆರುತ್ತಾರೆ, ಅದು ಯಾರು ಎಂಬುದನ್ನು ಮೊದಲೇ ಕೇಳಿಕೊಳ್ಳುವುದು ನ್ಯಾಯ. ಅದಕ್ಕಾಗಿಯೇ ನಾವು ಹೊಂಡದ ಹಾಳೆಯ ಖರ್ಚನ್ನು ಎಕರೆ ಲೆಕ್ಕದಲ್ಲಿ ಹಂಚಿಕೊಂಡೆವು. ಎರಡು ಎಕರೆಯವನಿಗೂ ಇಪ್ಪತ್ತು ಎಕರೆಯವನಿಗೂ ಒಂದೇ ಮೊತ್ತ ಹಾಕಿದ್ದರೆ ಮೊದಲ ವರ್ಷವೇ ಮುರಿದುಬೀಳುತ್ತಿತ್ತು.

ಐದನೆಯ ಹೆಜ್ಜೆ: ಪುಸ್ತಕವನ್ನು ಕೈ ಬದಲಿಸುವುದು

ನೋಟ್‌ಬುಕ್ಕು ಒಬ್ಬರ ಬಳಿಯೇ ಇದ್ದರೆ ಅದು ಅವರ ಚಟವಾಗುತ್ತದೆ, ಉಳಿದವರು ನೋಡಿ ನಗುತ್ತಾರೆ. ಪ್ರತಿ ಮಾರ್ಚ್ ನಡಿಗೆ ಮುಗಿದ ದಿನ ಪುಸ್ತಕವನ್ನೂ ಪಿಎಚ್ ಕಾಗದದ ಡಬ್ಬಿಯನ್ನೂ ಮುಂದಿನ ಮನೆಗೆ ದಾಟಿಸಿ. ಮೇಲಿನ ತೋಟಕ್ಕೆ ಒಂದು ವರ್ಷ, ಕೆಳಗಿನ ಮನೆಗಳಿಗೆ ಒಂದು ವರ್ಷ ಎಂಬಂತೆ ಸರದಿ ಇಟ್ಟುಕೊಂಡರೆ ಅಳತೆಯಲ್ಲಿ ಪಕ್ಷಪಾತದ ಮಾತು ಬರುವುದಿಲ್ಲ. ಹೋದ ವರ್ಷ ಅದು ದೊಡ್ಡಪ್ಪನ ಮನೆಯಲ್ಲಿತ್ತು. ಅವರ ದಪ್ಪ ಅಕ್ಷರದ ಟಿಪ್ಪಣಿಗಳಲ್ಲಿ ನೀರಿಗಿಂತ ಪಂಪಿನ ವಿಚಾರವೇ ಹೆಚ್ಚು. ಈ ವರ್ಷ ಲೈನ್ ಮನೆಯ, ಹತ್ತನೇ ತರಗತಿ ಓದುವ ಹುಡುಗಿಯ ಬಳಿ ಇದೆ. ಜನವರಿಯ ನಡಿಗೆಯಲ್ಲಿ ನನ್ನ ಕಣದ ಹಿಂದಿನ ಜಾಗಕ್ಕೆ ಅವಳು ಬರೆದಿರುವುದು ಇಷ್ಟು: “ಹತ್ತು ಕಲ್ಲು ನೋಡಿದೆವು. ಏಡಿ ಮೂರು. ಕಾಗದ 6. ವಾಸನೆ ಇದೆ, ಆದರೆ ಕಡಿಮೆ. ಜಾಲರಿಯ ಎಡಮೂಲೆ ಹರಿದಿದೆ, ಅಂಕಲ್‌ಗೆ ಹೇಳಬೇಕು.”